ಪೊರೆ ಯಾಕಿದೆ ಅಂತ ಬರೆಯಿರಿ

ತೇಲುಕೇರಿ, ಆಲಮಟ್ಟಿ ಹಿನ್ನೀರು
ಕ್ರಿ.ಶ. ೨೪೬೩, ಎರಡನೇ ಆಷಾಢ, ಮೂವತ್ತಾರನೇ ತಾರೀಖು, ಮಂಗಳವಾರ

ಹಿಂದಿನವರೇ,

ನನ್ನ ಮಾತು ಒರಟು ಅನ್ನಿಸಿದರೆ ಸಹಿಸಿಕೊಳ್ಳಿ. ನಾಲ್ಕನೇತ್ತೆಗೇ ಸಾಲಿ ಬಿಟ್ಟವಳು ನಾನು, ನಿಮ್ಮ ಕಾಲದ ಬರವಣಿಗೆ ನನಗೆ ಒಗ್ಗುವುದಿಲ್ಲ. ಇದು ಹಿಂದೋಲೆ. ಕಾಲದ ಹಿಂದಕ್ಕೆ ಹೋಗುವ ಕಾಗದಕ್ಕೆ ನಾವು ಹಾಗನ್ನುತ್ತೇವೆ. ಜೀವಮಾನದಲ್ಲಿ ಒಬ್ಬರಿಗೆ ಒಂದೇ ಸಿಗುತ್ತದೆ. ನಾನು ನನ್ನದನ್ನು ನಿಮಗೆ ಖರ್ಚು ಮಾಡುತ್ತಿದ್ದೇನೆ, ಗಮನಕೊಟ್ಟು ಓದಿ.

ನಮ್ಮ ಕೇರಿ ನೀರಿನ ಮೇಲಿದೆ. ಭಾರ ಹೆಚ್ಚಾದರೆ ಮುಳುಗುತ್ತೇವೆ. ಅದಕ್ಕೇ ಯಾರ ಮನೆಗೂ ಬಾಗಿಲಿಲ್ಲ, ಒಳಗೋಡೆಯಿಲ್ಲ. ಮದುವೆಯಾದವರು ಮೊದಲು ಮಾಡುವ ಶಾಸ್ತ್ರವೆಂದರೆ ಮನೆಯ ಒಂದು ಸಾಮಾನು ಹೊಳೆಗೆ ಬಿಡುವುದು. ಬಿಟ್ಟೂ ಬಿಟ್ಟೂ ಏನು ಕಂಡರೂ ಭಾರ, ತೆಗೆದುಬಿಡು ಅನ್ನುವ ಹಾಗಾಗಿದೆ ನಮ್ಮವರ ತಲೆ.

ರೇವಣ ಮಾಸ್ತರನ ಹತ್ತಿರ ನಿಮ್ಮ ಕಾಲದ ಪಾಠದ ಒಂದು ಹಾಳೆ ಇದೆ. ಜೀವಕೋಶದೊಳಗಿನ ಅಂಗಗಳ ಪಟ್ಟಿ, ಎರಡು ಸಾಲು. ಪೊರೆ ಇರುವವು: ನ್ಯೂಕ್ಲಿಯಸ್, ಮೈಟೋಕಾಂಡ್ರಿಯ, ಲೈಸೋಸೋಮ್. ಪೊರೆ ಇಲ್ಲದವು: ರೈಬೋಸೋಮ್, ಸೆಂಟ್ರಿಯೋಲ್. ಅಷ್ಟೇ. ಯಾಕೆ ಅಂತ ಒಂದಕ್ಷರ ಇಲ್ಲ. ರೈಬೋಸೋಮ್ ಪೊರೆಯಿಲ್ಲದೆಯೇ ದಿನವಿಡೀ ಪ್ರೋಟೀನು ಕಟ್ಟುತ್ತದಲ್ಲ, ಉಳಿದವಕ್ಕೇಕೆ ಈ ಭಾರ ಅಂದ ಮಾಸ್ತರ. ಕೇರಿ ಚಪ್ಪಾಳೆ ತಟ್ಟಿತು. ಒಳಪೊರೆ ಕರಗಿಸುವ ಔಷಧಿ ಮಾಡಿದರು, ಹೆಸರು ಹಗುರಹನಿ. ಕುಡಿದವರು ಕಡಿಮೆ ಉಂಡು ಹೆಚ್ಚು ದುಡಿಯುತ್ತಾರಂತೆ.

ಮೊದಲು ತೊಟ್ಟಿಯ ಮೀನಿಗೆ ಹಾಕಿದರು. ಮೂರನೇ ದಿನ ನಾನು ಒಂದನ್ನು ಹಿಡಿದೆ. ಜೀವಂತ ಮೀನು, ಕಿವಿರು ಆಡುತ್ತಿತ್ತು. ನನ್ನ ಬೆರಳು ಅದರ ಬೆನ್ನೊಳಗೆ ಗಂಜಿಗೆ ಇಳಿದ ಹಾಗೆ ಇಳಿಯಿತು. ಅರವತ್ತು ವರ್ಷ ಮೀನು ಹಸನು ಮಾಡಿದ ಕೈ ಇದು. ಪಿತ್ತದ ಚೀಲಕ್ಕೆ ಚೂರಿ ತಾಗಿದರೆ ಇಡೀ ಮೀನು ಕೆಡುತ್ತದೆ. ಲೈಸೋಸೋಮಿನೊಳಗೆ ಇರುವುದೂ ಅರಗಿಸುವ ರಸವೇ ಅಂತ ಮಾಸ್ತರನೇ ಒಪ್ಪಿದ.

“ಹಂಗಾದ್ರ ಆ ಚೀಲ ಒಡೆದ್ರ ಅದು ಯಾರನ್ನ ಅರಗಸ್ತದೋ, ನಿಮ್ಮಪ್ಪನ್ನ?” ಅಂತ ಕೇಳಿದೆ.

“ತಂಗೆವ್ವಾಯಿ, ಮೀನಿಗೆ ರೋಗ ಇತ್ತು. ನೀ ಹೋಗಿ ನಿನ್ನ ಕೆಲಸ ನೋಡು” ಅಂದ. ಎಲ್ಲರೂ ನಕ್ಕರು.

ನಾಡಿದ್ದು ಗುರುವಾರ ಹನಿ ಕುಡಿಯುವ ಸರದಿ ಮಕ್ಕಳದು. ನನ್ನ ಮೊಮ್ಮಗಳು ಸಾವಂತ್ರಿಗೆ ಆರು ವರ್ಷ. “ಹನಿ ಕುಡದ್ರ ನಾ ನಿನಗಿಂತ ಜೋರ ಈಜತೀನಿ ಆಯಿ” ಅಂತ ಕುಣಿಯುತ್ತಿದ್ದಾಳೆ. ಅವಳ ತೋಳು ಮುಟ್ಟಲು ನನಗೆ ಹೆದರಿಕೆ.

ಪಾಠ ಬರೆಯುವವರೇ, ಆ ಪಟ್ಟಿಯ ಕೆಳಗೆ ನಾಲ್ಕು ಬೆರಳಷ್ಟು ಜಾಗ ಬಿಟ್ಟಿದ್ದೀರಿ. ಪೊರೆ ಯಾಕಿದೆ, ತೆಗೆದರೆ ಏನಾಗುತ್ತದೆ ಅಂತ ಅಲ್ಲಿ ಬರೆಯಿರಿ. ದೊಡ್ಡ ಅಕ್ಷರದಲ್ಲಿ. ಮಾಸ್ತರ ನನ್ನ ಮಾತು ಕೇಳುವುದಿಲ್ಲ, ಅಚ್ಚಾದದ್ದನ್ನು ಕೇಳುತ್ತಾನೆ. ನೀವು ಅಲ್ಲಿ ಬರೆದರೆ ಇಲ್ಲಿ ಅವನ ಹಾಳೆಯಲ್ಲೂ ಮೂಡುತ್ತದೆ ಅಂತ ತಾಸಿಗೊಮ್ಮೆ ಹೋಗಿ ನೋಡಿ ಬರುತ್ತೇನೆ.

ಈಗಷ್ಟೇ ಮತ್ತೆ ನೋಡಿ ಬಂದೆ. ಖಾಲಿಯೇ ಇದೆ.

ತಂಗೆವ್ವ