ಅಡ್ಡ ಬರೆದ ಉತ್ತರ

ಮಾಂಟ್ರೋಸ್, ನವೆಂಬರ್ 1871

ಅಪ್ಪ,

ನಿಮ್ಮನ್ನು ಮಣ್ಣು ಮಾಡಿ ಹನ್ನೊಂದು ದಿನವಾಯಿತು. ಇಂದು ಕಾಲೇಜಿನ ಲಾರಿಮರ್ ನಿಮ್ಮ ಮರುಭೂಮಿ ಪ್ರವಾಸದ ಬರಹಗಳನ್ನು ಒಯ್ಯಲು ಬಂದಿದ್ದ. ಕಾಗದ ಉಳಿಸಲು ನೀವು ಮನೆಯಿಂದ ಬಂದ ಪತ್ರಗಳನ್ನೇ ತಿರುಗಿಸಿ, ಸಾಲುಗಳ ಮೇಲೆ ಅಡ್ಡಡ್ಡ ಬರೆಯುತ್ತಿದ್ದಿರಲ್ಲ, ಅಂಥದೊಂದು ಹಾಳೆ ಅವನ ಕೈಗೆ ಸಿಕ್ಕಿತು.

“ನಿಮ್ಮ ತಂದೆ ಡಾಕ್ಟರು ಒಂಟೆಯವನ ಕೆಮ್ಮು ವಾಸಿ ಮಾಡಿದ್ದು ಇಲ್ಲಿದೆ ನೋಡಿ, ಮದ್ದಿನ ಹೆಸರು, ಅಳತೆ ಸಮೇತ. ಅಡೀಲಿ ಯಾವ್ದೋ ಮಗು ಬರ್ದಿದೆಯಲ್ಲ, ಯಾರಮ್ಮಾ ಅದು?”

“ಯಾರೋ. ಮನೆ ಸಮಾಚಾರ ಇರ್ಬೇಕು,” ಎಂದೆ.

ಆ ಪತ್ರ ಬರೆದಾಗ ನನಗೆ ಒಂಬತ್ತು ವರ್ಷ. ‘ಅಮ್ಮನ ಕೆಮ್ಮು ನಿಲ್ತಾ ಇಲ್ಲ, ಯಾವ ಮದ್ದು ಕೊಡ್ಲಿ?’ ಎಂದು ಕೇಳಿದ್ದೆ. ಅಮ್ಮ ಹೋದ ಮೇಲೂ ಅಂಚೆಯವನ ದಾರಿ ಕಾಯುತ್ತಿದ್ದೆ.

ನೀವು ಉತ್ತರ ಬರೆದಿದ್ದಿರಿ, ನನ್ನ ಪ್ರಶ್ನೆಯ ಮೇಲೆಯೇ. ಆ ಮದ್ದು ನಮ್ಮ ಕಪಾಟಿನಲ್ಲೇ ಇತ್ತು, ಅಪ್ಪ.