ಇಳಿಜಾರಿನ ರಸ್ತೆ, ಬಾವಿಯ ನೀರು

ಎಲ್ಮ್ ಹಿಲ್, ಮಿನೆಸೋಟ
ಫೆಬ್ರವರಿ ೧೮

ಪ್ರೀತಿಯ ಮಗ ಕರ್ಟ್,

ಹೇಗಿದ್ದೀಯಪ್ಪಾ? ಅಲಾಸ್ಕಾದ ಆ ಚಳಿಯಲ್ಲಿ ಕೆಮ್ಮು ಕಡಿಮೆಯಾಯಿತೇ? ಜೊಲೀನ್ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆಂದು ಗೊತ್ತು, ಆದರೂ ಕೇಳದೆ ಇರಲಾಗದು. ಅಪ್ಪ ಆರಾಮಾಗಿದ್ದಾರೆ. ರಕ್ತದೊತ್ತಡ ಹತೋಟಿಗೆ ಬಂದಿದೆ. ಸಪ್ಪೆ ಊಟಕ್ಕೆ ಮುಖ ಸಿಂಡರಿಸುವುದನ್ನು ಮಾತ್ರ ಬಿಟ್ಟಿಲ್ಲ.

ಬಾವಿಯ ಜಗಳ ನಿನಗೆ ಗೊತ್ತೇ ಇದೆ. ಇಳಿಜಾರಿನ ಮೇಲೆ ಹಿಮಗಡ್ಡೆ ಕರಗಲೆಂದು ವರ್ಷವರ್ಷವೂ ಸುರಿದ ಉಪ್ಪು ಮಣ್ಣಿಗಿಳಿದು ನಮ್ಮ ಬಾವಿಯ ನೀರೇ ಉಪ್ಪಾಯಿತು. ಅಪ್ಪನಿಗೆ ಆ ನೀರು ಕೂಡದೆಂದು ಡಾಕ್ಟರು ಹೇಳಿದ ಮೇಲೆ, ಉಪ್ಪು ನಿಲ್ಲಿಸಿ ಎಂದು ನಾನು ಊರ ಸಭೆಯಲ್ಲಿ ಕೇಳಿದೆ. ಆಗ ಜೊಲೀನ್‌ಳ ಅಮ್ಮ, ನಿನ್ನ ಅತ್ತೆ ಲೋರ್ನಾ ಎದ್ದು ನಿಂತಳು. ಶಾಲೆಯ ಬಸ್ಸು ಓಡಿಸುವವಳು. ಹಿಂದೊಮ್ಮೆ ಅದೇ ಇಳಿಜಾರಿನಲ್ಲಿ ಅವಳ ಬಸ್ಸು ಮಕ್ಕಳ ಸಮೇತ ಜಾರಿ ಹಳ್ಳದ ಅಂಚಿನಲ್ಲಿ ನಿಂತಿತ್ತಲ್ಲ. "ನೀರನ್ನ ಬೇರೆ ಕಡೆಯಿಂದ ತರಬಹುದು ಆರ್ಲಿಸ್. ಮಕ್ಕಳನ್ನ ಎಲ್ಲಿಂದ ತರ್ತೀಯ?" ಎಂದಳು. ನನಗೆ ಸಿಟ್ಟು ಬಂತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನಿಮ್ಮ ಮದುವೆ ಔತಣವಿಲ್ಲದೆ ಕಚೇರಿಯ ಸಹಿಯಲ್ಲಿ ಮುಗಿದದ್ದೂ ಅದರಿಂದಲೇ.

ಈ ಚಳಿಗಾಲ ರಸ್ತೆ ನೋಡಿಕೊಳ್ಳುವ ವಿಲ್ಮರ್ ಬೇರೊಂದು ದಾರಿ ಹಿಡಿದ. ಸಕ್ಕರೆ ಕಾರ್ಖಾನೆಯಲ್ಲಿ ಬೀಟ್ ಗಡ್ಡೆಯಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ, ಕಾಕಂಬಿಯಂಥ ಕಂದು ರಸಕ್ಕೆ ಒಂದಿಷ್ಟು ಉಪ್ಪುನೀರು ಬೆರೆಸಿ, ಹಿಮ ಬೀಳುವ ಮೊದಲೇ ಡಾಂಬರಿನ ಮೇಲೆ ಚಿಮುಕಿಸುತ್ತಾನೆ. ಎಣ್ಣೆ ಸವರಿದ ಕಾವಲಿಗೆ ಹಿಟ್ಟು ಅಂಟದ ಹಾಗೆ, ಹಿಮಗಡ್ಡೆ ರಸ್ತೆಗೆ ಅಂಟುವುದಿಲ್ಲ. ಹಿಮ ತಳ್ಳುವ ಲಾರಿ ಬಂದರೆ ಎದ್ದು ಬರುತ್ತದೆ. ತಿರುವಿನಲ್ಲಿ ಮರಳು ಹಾಕುತ್ತಾನೆ. ಮೊದಲ ದಿನ ಅಪ್ಪ ಕಿಟಕಿ ತೆರೆದು, "ಯಾರ ಮನೇಲೋ ಕಾಕಂಬಿ ಸೀದಿದೆ ನೋಡೇ" ಎಂದರು.

ಆದರೂ ನನಗೆ ನಂಬಿಕೆಯಿರಲಿಲ್ಲ. ಕಳೆದ ವಾರ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ ಮರಗಳೆಲ್ಲ ಗಾಜಾಗಿದ್ದವು. ಬೆಳಿಗ್ಗೆ ಗುಡ್ಡದ ನೆತ್ತಿಯಲ್ಲಿ ಬಸ್ಸಿನ ದೀಪ ಕಂಡಾಗ ನನ್ನ ಕೈ ಪರದೆಯನ್ನು ಬಿಗಿಯಾಗಿ ಹಿಡಿದಿತ್ತು. ನಾನು ಕೇಳಿದ್ದಕ್ಕೇ ತಾನೇ ಉಪ್ಪು ಕಡಿಮೆಯಾದದ್ದು. ಏನಾದರೂ ಆಗಿದ್ದರೆ ನಾನು ಹೇಗೆ ಬದುಕಿರುತ್ತಿದ್ದೆನೋ. ಬಸ್ಸು ಮೆಲ್ಲಗೆ ಇಳಿಯಿತು, ತಿರುವು ದಾಟಿತು, ಹೋಯಿತು. ನಾನು ಪರದೆಯನ್ನು ಬಿಟ್ಟೆ.

ಮಕ್ಕಳನ್ನು ಇಳಿಸಿದ ಮೇಲೆ ಖಾಲಿ ಬಸ್ಸು ಬಂದು ನಮ್ಮ ಗೇಟಿಗೆ ನಿಂತಿತು. ಲೋರ್ನಾ ಎರಡು ಕ್ಯಾನು ನೀರು ಹಿಡಿದು ಇಳಿದಳು.

"ಜಾರಲಿಲ್ಲ ಕಣೆ. ನಮ್ಮ ಬಾವಿ ನೀರು ತಂದಿದೀನಿ, ಕಾಫಿಗಿಡು."

ಕಾಫಿ ಮಾಡಿ ಕೊಟ್ಟೆ. ಅವಳು ಕುಡಿಯದೆ ಕಪ್ಪನ್ನು ಮೇಜಿನ ಮೇಲಿಟ್ಟಳು. ನಾನು ಅವಳ ಕೈಗಳನ್ನು ಹಿಡಿದುಕೊಂಡೆ. ಈಗ ದಿನವೂ ನೀರು ತರುತ್ತಾಳೆ. ನಮ್ಮ ಬಾವಿ ತಿಳಿಯಾಗಲು ವರ್ಷಗಳೇ ಬೇಕಂತೆ. ಆಗಲಿ ಬಿಡು. ವಿಲ್ಮರ್‌ಗೆ ಪೈ ಮಾಡಿ ಕಳಿಸಿದ್ದೇನೆ, ದೇವರಿಗೆ ಕೈಮುಗಿದಿದ್ದೇನೆ. ಲೋರ್ನಾಳಿಗೆ ಏನು ಕೊಟ್ಟರೂ ಸಾಲದು.

ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಡಲಿ. ಜೊಲೀನ್‌ಗೆ ನನ್ನ ಮುತ್ತು.

ನಿನ್ನ ಅಮ್ಮ,
ಆರ್ಲಿಸ್

ಮರೆತೆ, ಅಂಚೆಯವನು ಬಂದೇಬಿಟ್ಟ: ಜೂನ್‌ನಲ್ಲಿ ರಜೆ ಹಾಕಿ ಇಬ್ಬರೂ ಬನ್ನಿ. ನಿಮ್ಮ ಮದುವೆಯ ಊಟ ನಮ್ಮ ಅಂಗಳದಲ್ಲಿ. ಒಲೆಯಲ್ಲಿ ಬೇಯಿಸುವ ಹಾಟ್‌ಡಿಶ್ ನನ್ನದು, ಕೇಕು ಲೋರ್ನಾಳದು. ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ: "ಬರ್ತೀರಾ ಅಂತ ಕೇಳ್ಬೇಡ, ಬನ್ನಿ ಅಂತ ಬರಿ."