ಕೊರಿನ್ ಮನೆಯಲ್ಲಿದ್ದಾಳಾ?

ಈಲಿ, ಮಿನ್ನೆಸೋಟ
ಮಾರ್ಚ್ 22, ಭಾನುವಾರ ಮಧ್ಯಾಹ್ನ

ಪ್ರೀತಿಯ ಕೊರಿನ್,

ಹೇಗಿದ್ದೀಯಮ್ಮಾ? ಹೋದ ವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿತ್ತು. ಉಪ್ಪುನೀರು ಮುಕ್ಕಳಿಸಿದೆಯಾ, ಇಲ್ಲ ಅದೆಲ್ಲ ರೋಗಿಗಳಿಗೆ ಮಾತ್ರ, ನರ್ಸಿಂಗ್ ಓದುವವರಿಗೆ ಬೇಕಾಗಿಲ್ಲ ಅಂತ ಬಿಟ್ಟೆಯಾ? ನನ್ನ ಮಂಡಿ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಗೊಣಗುತ್ತದೆ, ಇಳಿಯುವಾಗ ಬೈಯುತ್ತದೆ. ಸರೋವರ ಇನ್ನೂ ಹೆಪ್ಪುಗಟ್ಟಿಕೊಂಡೇ ಇದೆ. ಮಂಗಳವಾರ ಮತ್ತೆ ಒಂದಡಿ ಹಿಮ ಬಿತ್ತು, ಹಿಮದಜ್ಜಿಯನ್ನು ಹೊರಗೆ ತೆಗೆದೆ. ಮೂರನೇ ಕ್ಲಾಸಿನಲ್ಲಿ ನೀನು ಇಟ್ಟ ಹೆಸರು ನನ್ನ ಹಿಮ ತಳ್ಳುವ ಲಾರಿಯ ಬಾಗಿಲ ಮೇಲೆ ಇನ್ನೂ ಇದೆ. 'ಜ'ದ ಬಣ್ಣ ಸ್ವಲ್ಪ ಎದ್ದಿದೆ, ಬೇಸಿಗೆಗೆ ಬಳಿಯಬೇಕು.

ನಾನು ಕಾಗದ ಬರೆಯುವ ಪೈಕಿ ಅಲ್ಲ ಅಂತ ನಿನಗೆ ಗೊತ್ತು. ಆದರೆ ಫೋನಿನಲ್ಲಿ ನನಗೆ ಮಾತೇ ಹೊರಡುವುದಿಲ್ಲ. ನೀನು ಫೋನ್ ಇಟ್ಟ ಮೇಲೆ ಹೇಳಬೇಕಾದ್ದನ್ನೆಲ್ಲ ಅಡುಗೆಮನೆಯ ಗೋಡೆಗೆ ಹೇಳುತ್ತೇನೆ. ಗೋಡೆಗೂ ಸಾಕಾಗಿರಬೇಕು. ಈ ಸಲ ನಿನಗೇ ಹೇಳೋಣ ಅಂತ ಕೂತಿದ್ದೇನೆ.

ಟ್ಯಾಕ್ಸ್ ಫಾರಂ ತುಂಬುವುದು ಯಾವಾಗಲೂ ನಿನ್ನ ಅಮ್ಮನ ಕೆಲಸ. ಮೊದಲ ವರ್ಷ ನೆನಪಿದೆಯಾ? ನನ್ನದೂ ಲೋರ್ನಾಳದೂ ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ನಿನಗೆ ಆರು ವರ್ಷ, ನನ್ನ ಮುಖ ಕಂಡರೆ ಆಗುತ್ತಿರಲಿಲ್ಲ, ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ. ಲೋರ್ನಾ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು, ಫಾರಂನಲ್ಲಿದ್ದ ಪ್ರಶ್ನೆಯನ್ನು ಮಾಳಿಗೆಗೆ ಕೇಳುವ ಹಾಗೆ ಕೂಗಿದಳು, "ಕೊರಿನ್ ಈ ಮನೆಯಲ್ಲಿದ್ದಾಳಾ?" ಆಮೇಲೆ ಮೇಲಿನಿಂದ ಸಿಡುಕಿನ ದನಿಯಲ್ಲಿ "ಇದ್ದೀನಿ" ಅಂದೆ. ನನ್ನ ಹೆಸರಿನ ಕೆಳಗೆ ನಿನ್ನ ಹೆಸರು ಬಂದದ್ದು ಆವತ್ತೇ. ಅಲ್ಲಿಂದ ಅದೇ ಪದ್ಧತಿಯಾಯಿತು. ಹದಿನೇಳು ವರ್ಷದವಳಾಗಿ, ಅದೇ ಮೇಜಿನ ಮುಂದೆ ಕೂತು ಬ್ರೆಡ್ ತಿನ್ನುತ್ತಿದ್ದರೂ, ಅಮ್ಮ ಕೂಗಿದ ತಕ್ಷಣ ಮೆಟ್ಟಿಲು ಹತ್ತಿ ಓಡಿ, ಮೇಲಿನಿಂದ "ಇದ್ದೀನಿ!" ಅನ್ನುತ್ತಿದ್ದೆ. ಕಾಲೇಜಿಗೆ ಹೋದ ಮೇಲೆ ಫೋನಿನಲ್ಲಿ. ತೆರಿಗೆ ಕಟ್ಟುತ್ತಾ ಹಾಗೆ ನಕ್ಕ ಮನೆ ಈ ಊರಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಈ ವರ್ಷ ನಾನೊಬ್ಬನೇ ಚೀಲ ಹಿಡಿದುಕೊಂಡು ಲೈಬ್ರರಿಗೆ ಹೋದೆ. ಅಲ್ಲಿ ರಿಟೈರ್ ಆದವರು ಪುಕ್ಕಟೆಯಾಗಿ ಫಾರಂ ತುಂಬಿಕೊಡುತ್ತಾರೆ. ನಿನಗೆ ಬೀಜಗಣಿತ ಕಲಿಸಿದ ಬರ್ನಡೀನ್ ಪ್ರೆಬಿಚ್ ಸಿಕ್ಕರು. ಹೋದ ಆಗಸ್ಟಿನವರೆಗೆ ಲೋರ್ನಾ ಇದ್ದಳಲ್ಲ, ಅದಕ್ಕೇ ಹೋದ ವರ್ಷದ ಫಾರಂನಲ್ಲಿ ಅವಳ ಹೆಸರೂ ಇರುತ್ತದಂತೆ, ಇದೇ ಕೊನೆ. ಅವಲಂಬಿತರ ಜಾಗದಲ್ಲಿ ನಿನ್ನ ಹೆಸರು ಹಾಕಿ ಕಂಪ್ಯೂಟರಿನಲ್ಲಿ ಕಳಿಸಿದರು. ಮಾರನೆಯ ದಿನವೇ ಫಾರಂ ತಿರುಗಿ ಬಂತು. ನೀನು ಓದಿನ ಜೊತೆ ಕೆಲಸ ಮಾಡುವ ಬೇಕರಿಯ ಸಂಬಳಕ್ಕೆ ನಿನ್ನದೇ ಫಾರಂ ಮೊದಲೇ ಕಳಿಸಿದ್ದೆ. ನಿನ್ನನ್ನು ಯಾರಾದರೂ ತಮ್ಮ ಅವಲಂಬಿತಳು ಅಂತ ತೋರಿಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಇಲ್ಲ ಅಂದಿದ್ದೆ, ಎರಡು ಫಾರಂಗೂ ತಾಳೆಯಾಗಲಿಲ್ಲ.

ಬರ್ನಡೀನ್ ನಕ್ಕುಬಿಟ್ಟರು. "ಪ್ರತಿ ವರ್ಷ ಇದೇ ಗೋಳು ಕಣಯ್ಯಾ. ಕಾಲೇಜ್ ಮಕ್ಕಳು ಫೋನಲ್ಲಿ ಟಕಟಕ ಅಂತ ಒತ್ಕೊಂಡು ಹೋಗ್ತಾರೆ, ಇಲ್ಲಿ ಅಪ್ಪಂದಿರು ನನ್ನ ಮುಂದೆ ತಲೆ ಕೆರ್ಕೊಂಡು ಕೂರ್ತಾರೆ. ಮಗೂಗೆ ಫೋನ್ ಮಾಡು, ಕೈತಪ್ಪಿ ಆಗಿರತ್ತೆ." ನಾನೂ ನಗುತ್ತಲೇ ಫೋನ್ ಮಾಡಿದೆ. ನೀನು ನಗಲಿಲ್ಲ. "ಕೈತಪ್ಪಿ ಅಲ್ಲ ಐನಾರ್, ಯೋಚನೆ ಮಾಡೇ ಹಾಕಿದ್ದು. ಅಮ್ಮನೇ ಇಲ್ಲ ಅಂದ್ಮೇಲೆ ನಾನು ನಿನಗೆ ಏನಾಗ್ಬೇಕು ಹೇಳು? ನೀನ್ಯಾಕೆ ಇನ್ನೂ ನನ್ನ ಹೊರೆ ಹೊರಬೇಕು?" ಅಂದೆ.

ಅದಕ್ಕೆ ಈ ಮಹಾನುಭಾವ ಏನಂದ? "ಸರಿ ಬಿಡು" ಅಂದ. ಆಮೇಲೆ ಹಿಮದ ಸುದ್ದಿ ಮಾತಾಡಿದ. ನನ್ನ ತಲೆಗಿಷ್ಟು ಬೆಂಕಿ ಬೀಳ! ಎರಡು ದಿನ ಊಟ ರುಚಿಸಲಿಲ್ಲ. ಈ ಹುಡುಗಿ ಇನ್ನು ರಜಕ್ಕೂ ಬರುವುದಿಲ್ಲ, ಮೆಲ್ಲಗೆ ದೂರವಾಗುತ್ತಿದ್ದಾಳೆ, ನಾನೇ ಬಾಗಿಲು ತೆಗೆದು ಕಳಿಸಿಕೊಟ್ಟೆ ಅಂತ ಹೆದರಿಹೋದೆ. ಹೌದು, ಹೆದರಿದೆ. ಬರೆದದ್ದನ್ನು ಹೊಡೆದುಹಾಕುವುದಿಲ್ಲ.

ಗುರುವಾರ ಮತ್ತೆ ಲೈಬ್ರರಿಗೆ ಹೋಗಿ, ಅವಳ ಹೆಸರು ತೆಗೆದುಬಿಡಿ, ಅಮ್ಮ ಹೋದ ಮೇಲೆ ಅವಳು ನನಗೆ ಏನೂ ಆಗಬೇಕಿಲ್ಲವಂತೆ ಅಂದೆ. ಬರ್ನಡೀನ್ ಕನ್ನಡಕ ಇಳಿಸಿ ನೋಡಿದರು. "ಯಾರು ಹೇಳಿದ್ದು ನಿಂಗೆ? ಕೂತ್ಕೋ" ಅಂತ ಗದರಿಸಿ, ಇಲಾಖೆಯ ಪುಸ್ತಕ ತೆಗೆದು ಬೆರಳಿಟ್ಟು ಓದಿದರು. ಮದುವೆಯಿಂದ ಬಂದ ಸಂಬಂಧ ಸಾವಿನಿಂದ ಮುಗಿಯುವುದಿಲ್ಲ. ಇನ್ನೊಮ್ಮೆ ಓದಿ ಅಂದೆ, ಓದಿದರು. ಓದಲಿಕ್ಕೆ ಅಂತ ಬೇರೆ ಊರಿನಲ್ಲಿರುವ ಮಕ್ಕಳು ಮನೆಯಲ್ಲೇ ಇದ್ದ ಲೆಕ್ಕ ಅಂತಲೂ ಅದರಲ್ಲೇ ಇದೆ. ನೀನು ಮೂರ್‌ಹೆಡ್‌ನ ಹಾಸ್ಟೆಲಿನಲ್ಲಿದ್ದರೂ, ಇಲಾಖೆಯ ಪ್ರಕಾರ ಮೇಲಿನ ಕೋಣೆಯಲ್ಲೇ ಇದ್ದೀಯ. ಮೂವತ್ತು ವರ್ಷ ತೆರಿಗೆ ಇಲಾಖೆಯನ್ನು ಬಾಯಿಗೆ ಬಂದ ಹಾಗೆ ಬೈದವನು ನಾನು. ಆವತ್ತು ಆ ಸಾಲು ಬರೆದ ಪುಣ್ಯಾತ್ಮ ಎದುರಿಗೆ ಸಿಕ್ಕಿದ್ದರೆ ಮನೆಗೆ ಕರೆದು ಕಾಫಿ ಕೊಡುತ್ತಿದ್ದೆ.

ಇನ್ನು ಹೊರೆಯ ಮಾತು. ಮಗಳ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀನೇ ನೋಡಿಕೊಂಡೆಯಾ ಅಂತ ಫಾರಂಗಾಗಿ ಬರ್ನಡೀನ್ ಕೇಳಿದರು. ಹೌದು ಅಂದೆ, ಅದು ನಿಜ. ಆದರೆ ಹೋದ ಬೇಸಿಗೆಯಿಡೀ ನಿನ್ನ ಅಮ್ಮನ ತಲೆ ತೊಳೆದು ಬಾಚಿದವರು ಯಾರು, ಯಾವ ಮಾತ್ರೆ ಯಾವಾಗ ಅಂತ ನನಗೆ ಮೂರು ಮೂರು ಸಲ ಹೇಳಿಕೊಟ್ಟವರು ಯಾರು, ಅದನ್ನು ಯಾವ ಫಾರಂ ಕೇಳುತ್ತದೆ? ಅಂತ್ಯಕ್ರಿಯೆಯಾದ ವಾರ ನೀನು ಕಾಡು ಅಕ್ಕಿ ಹಾಕಿ ಕೋಳಿ ಬೇಯಿಸಿ ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟು ಹೋದೆಯಲ್ಲ, ಒಂದೊಂದರ ಮೇಲೂ ಚೀಟಿ: "ಬಿಸಿ ಮಾಡ್ಕೊಂಡು ತಿನ್ನು, ತಣ್ಣಗೆ ತಿಂದ್ರೆ ನಂಗೆ ಗೊತ್ತಾಗತ್ತೆ." ಈ ಚಳಿಗಾಲ ನಾನು ದಿನಾ ಎದ್ದು ಲಾರಿ ಹತ್ತಿದ್ದು ಆ ಚೀಟಿಗಳ ದೆಸೆಯಿಂದ. ಕೊನೆಯ ಡಬ್ಬಿ ಹಾಗೇ ಇದೆ, ತೆಗೆಯಲು ಮನಸ್ಸಾಗುತ್ತಿಲ್ಲ. ಯಾರು ಯಾರ ಮೇಲೆ ಅವಲಂಬಿತರು ಅಂತ ನಿಜವಾಗಿ ಬರೆಯಬೇಕಾಗಿ ಬಂದಿದ್ದರೆ ನನ್ನ ಹೆಸರು ಕೆಳಗಿರುತ್ತಿತ್ತು. ನಿನ್ನ ಋಣ ದೊಡ್ಡದು ಕಣಮ್ಮಾ. ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಈಗ ಹೇಳುತ್ತಿದ್ದೇನೆ.

ಬರ್ನಡೀನ್ ನಿನ್ನನ್ನು ಕೇಳಿದ್ದಾರೆ. "ಸಮೀಕರಣ ಬಿಡಿಸ್ತಿದ್ದ ಹುಡುಗಿ ಫಾರಂನ ಒಂದು ಚೌಕದಲ್ಲಿ ಎಡವಿದಳಲ್ಲ" ಅಂತ ಹೇಳಲು ಹೇಳಿದರು, ಹೇಳಿದ್ದೇನೆ. ಹೊತ್ತಿಗೆ ಸರಿಯಾಗಿ ತಿನ್ನು, ಚೆನ್ನಾಗಿ ಓದು, ಹಿಮದ ದಾರಿಯಲ್ಲಿ ಗೆಳತಿಯರ ಕಾರು ಹತ್ತುವ ಮೊದಲು ಟೈರು ನೋಡು. ಎಲ್ಲ ಒಳ್ಳೆಯದಾಗಲಿ.

ನಿನ್ನ
ಐನಾರ್ ಸಲ್ಮೇಲಾ

ಮರೆತಿದ್ದೆ: ನಿನ್ನ ಫಾರಂ ತಿದ್ದಿ ಕಳಿಸಬಹುದಂತೆ, ಬರ್ನಡೀನ್ ಫೋನಿನಲ್ಲೇ ಹೇಳಿಕೊಡುತ್ತಾರೆ. ಇಲ್ಲದಿದ್ದರೆ ನನ್ನದನ್ನು ಅಂಚೆಯಲ್ಲಿ ಕಳಿಸಿದರೂ ತೆಗೆದುಕೊಳ್ಳುತ್ತಾರೆ, ಆದರೆ ಆಮೇಲೆ ಯಾರು ಹೇಳುವುದು ಸರಿ ಅಂತ ಇಲಾಖೆಯವರು ಇಬ್ಬರಿಗೂ ಕಾಗದ ಬರೆಯುತ್ತಾರೆ. ನಾನು ನಿನಗೆ ಏನಾಗಬೇಕು ಅಂತ ಯಾರೋ ಗುರುತಿಲ್ಲದವರಿಗೆ ನೀನು ಉತ್ತರ ಕೊಡುವುದು ನನಗೆ ಬೇಡ. ಅದಕ್ಕೇ ಲಕೋಟೆಯನ್ನು ಡ್ರಾಯರಿನಲ್ಲೇ ಇಟ್ಟಿದ್ದೇನೆ. ಇನ್ನೊಂದು ಮಾತು. ಗುರುವಾರ ಹೊಸದಾಗಿ ತುಂಬುವಾಗ ಬರ್ನಡೀನ್ ಫಾರಂ ನೋಡಿಕೊಂಡು, "ಕೊರಿನ್ ಮನೆಯಲ್ಲಿದ್ದಾಳಾ?" ಅಂದರು. ನಮ್ಮ ಮನೆಯ ಪದ್ಧತಿ ಪಾಪ ಅವರಿಗೇನು ಗೊತ್ತು. ನಾನು ಅಭ್ಯಾಸಬಲದಿಂದ ತಲೆ ಎತ್ತಿ ಮಾಳಿಗೆ ನೋಡಿದೆ. ಲೈಬ್ರರಿಯ ಮಾಳಿಗೆ, ಅಲ್ಲೇನಿದೆ, ಎರಡು ದೀಪ. ಕಾದೆ. ಆಮೇಲೆ ನಾನೇ "ಇದ್ದಾಳೆ!" ಅಂತ ಕೂಗಿಬಿಟ್ಟೆ, ಪೇಪರ್ ಓದುತ್ತಿದ್ದವರೆಲ್ಲ ತಿರುಗಿ ನೋಡಿದರು. ಫಾರಂ ತಿದ್ದು, ಬಿಡು, ನಿನ್ನಿಷ್ಟ. ಈ ಕಾಗದಕ್ಕೆ ಉದ್ದ ಉತ್ತರವೂ ಬೇಡ. ಒಂದೇ ಮಾತು ಬರೆ, ಯಾವುದು ಅಂತ ನಿನಗೆ ಗೊತ್ತು.